ಕಬ್ಬಿಣದ ಅದಿರಿನ ಹಸಿ ಉಂಡೆ (ಪೆಲೆಟ್) ದಪ್ಪವಾಗ್ತಿದೆ, ಒಣಗುವಾಗ ಸಿಡೀತಿದೆ. ಬೆಂಟೊನೈಟ್ (ಅಂಟಾಗಿ ಬೆರೆಸುವ ಜೇಡಿಮಣ್ಣು) ಏರಿಸಲೇ?

ಪ್ರಶ್ನೆ:
ಹೆಮಟೈಟ್ ಅದಿರು, ಉಂಡೆ ಕಟ್ಟುವ 6 ಮೀಟರ್ ತಿರುಗುವ ಡಿಸ್ಕ್, ಇಳಿಜಾರು 47 ಡಿಗ್ರಿ, 7 ಆರ್‌ಪಿಎಂ. ಮಿಕ್ಸರ್ ಹತ್ತಿರ ತೇವಾಂಶ 9.5%, ಬೆಂಟೊನೈಟ್ 0.8%. ಎರಡು ಶಿಫ್ಟಿನಿಂದ ಉಂಡೆಗಳು 16 ಮಿ.ಮೀ. ದಾಟುತ್ತಿವೆ, ಮೈಯೆಲ್ಲ ಒದ್ದೆ, ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಒಣಗಿಸುವ ಗ್ರೇಟ್ (ಚಲಿಸುವ ಜಾಲರಿ) ಮೇಲೆ ಕೆಲವು ಸಿಡಿಯುತ್ತಿವೆ. ಯಾವ ಸೆಟ್ಟಿಂಗೂ ಬದಲಿಸಿಲ್ಲ. ಬ್ಲೇನ್ (ಪುಡಿಯ ನುಣುಪಿನ ಅಳತೆ, ಚ.ಸೆಂ.ಮೀ./ಗ್ರಾಂ) ಮಾತ್ರ 1900ರಿಂದ 1650ಕ್ಕೆ ಇಳಿದಿದೆ. ಬೆಂಟೊನೈಟ್ 1.2%ಗೆ ಏರಿಸಲೇ?

ಉತ್ತರ 1:
ಸದ್ಯಕ್ಕೆ ಬೇಡ. ಪುಡಿ ತರಿಯಾದರೆ ಕಣಗಳ ಒಟ್ಟು ಮೇಲ್ಮೈ ಕಡಿಮೆಯಾಗುತ್ತೆ, ನಿನ್ನೆ ಸರಿಹೋಗಿದ್ದ ನೀರೇ ಇವತ್ತು ಜಾಸ್ತಿ. ಮಿಕ್ಕ ನೀರು ಉಂಡೆಯ ಮೈಗೆ ಬಂದು, ಅದು ಉರುಳಿದಲ್ಲೆಲ್ಲ ಪುಡಿ ಮೆತ್ತಿಕೊಳ್ಳುತ್ತೆ. ಬೆಂಟೊನೈಟ್ ಆ ನೀರನ್ನು ಹೀರಿ ತೊಂದರೆ ಮುಚ್ಚಿಹಾಕಬಹುದು, ಆದರೆ ಅದರ ಜೊತೆ ಬೇಡದ ಸಿಲಿಕಾ ಕೂಡ ಒಳಗೆ ಬರುತ್ತೆ.

ನೀರನ್ನು 0.2% ಇಳಿಸಿ, 15–20 ನಿಮಿಷ ಕಾಯಿರಿ, ಆಮೇಲೆ ಮತ್ತೆ 0.2%. ಪ್ರತಿ ಸಲ ಒಂದು ಉಂಡೆ ಬೆರಳಲ್ಲಿ ಒತ್ತಿ ನೋಡಿ: ಹಿಟ್ಟಿನ ಹಾಗೆ ಚಪ್ಪಟೆಯಾಗಿ ಬೆರಳು ಹೊಳೆದರೆ ನೀರು ಇನ್ನೂ ಜಾಸ್ತಿ, ಬಿರುಕು ಬಿಟ್ಟು ಹೋಳಾದರೆ ಸರಿ. 45 ಸೆಂ.ಮೀ. ಎತ್ತರದಿಂದ ಉಕ್ಕಿನ ಪ್ಲೇಟಿಗೆ ಬಿಟ್ಟರೆ 4–5 ಸಲ ತಡೆಯಬೇಕು. 20 ಸಲ ತಡೀತು ಅಂತ ಖುಷಿಪಡಬೇಡಿ, ಅದೂ ಒದ್ದೆಯ ಲಕ್ಷಣವೇ.

ಉತ್ತರ 2:
ತೇವಾಂಶ ಅಳೆಯುವ ಜಾಗವೂ ತಪ್ಪು. ಗಾತ್ರ ಬೇರ್ಪಡಿಸುವ ರೋಲರ್ ಸ್ಕ್ರೀನ್‌ನಲ್ಲಿ ತಿರಸ್ಕೃತವಾದ ದಪ್ಪ ಉಂಡೆಗಳು ಪುಡಿಯಾಗಿ ವಾಪಸ್ ಬರ್ತವೆ, ಹಸಿಯಾಗೇ. ಈ ವಾಪಸ್ ಮಾಲು (ರಿಟರ್ನ್) ಏರಿದಷ್ಟೂ ಡಿಸ್ಕಿಗೆ ಬೀಳುವ ಮಾಲು ಮಿಕ್ಸರ್ ರೀಡಿಂಗಿಗಿಂತ ಒದ್ದೆ. ಡಿಸ್ಕಿನ ಫೀಡ್ ಬೆಲ್ಟಿನಿಂದ ಸ್ಯಾಂಪಲ್ ತೆಗೆಯಿರಿ.

ಡಿಸ್ಕಿನ ನೀರಿನ ಸ್ಪ್ರೇ ಎಲ್ಲಿ ಬೀಳ್ತಿದೆ ನೋಡಿ. ಹೊಸ ಪುಡಿಯ ಮೇಲೆ ಬಿದ್ದರೆ ಬೀಜದುಂಡೆಗಳು (ಹೊಸ ಪುಟ್ಟ ಉಂಡೆಗಳು) ಹುಟ್ಟುತ್ತವೆ, ಉರುಳುವ ಉಂಡೆಗಳ ಮೇಲೆ ಬಿದ್ದರೆ ಇದ್ದವೇ ಬೆಳೆಯುತ್ತವೆ. ನಿಮಗೀಗ ಬೇಕಿರೋದು ಬೀಜ. ಇಷ್ಟಾದ ಮೇಲೂ ದಪ್ಪವಾದರೆ ಫೀಡ್ ಸ್ವಲ್ಪ ಏರಿಸಿ, ಡಿಸ್ಕಿನಲ್ಲಿ ಉಂಡೆ ನಿಲ್ಲುವ ಹೊತ್ತು ಕಡಿಮೆಯಾಗುತ್ತೆ. ಇಳಿಜಾರು ಕೊನೆಗೆ ಮುಟ್ಟಿ. ಅದನ್ನು ಕಡಿದಾಗಿಸಿದರೆ ವೇಗವನ್ನೂ ಏರಿಸಬೇಕು, ಇಲ್ಲದಿದ್ದರೆ ಮಾಲು ಮೇಲಕ್ಕೆ ಏರದೆ ಜಾರುತ್ತೆ.

ಪ್ರಶ್ನೆ ಕೇಳಿದವರು:
ಬೆಲ್ಟಿನಲ್ಲಿ 10.1% ಬಂತು! ಸಿಡಿಯೋದಕ್ಕೂ ಇದೇ ಕಾರಣವಾ?

ಉತ್ತರ 3:
ಬಹುಪಾಲು. ಗ್ರೇಟಿನ ಮೊದಲ ಒಣಗಿಸುವ ವಲಯದಲ್ಲಿ ಬಿಸಿ ಗಾಳಿ ಕೆಳಗಿಂದ ಮೇಲಕ್ಕೆ ಹೋಗುತ್ತೆ, ಆವಿ ಮೇಲಿನ ತಣ್ಣನೆಯ ಪದರದಲ್ಲಿ ಮತ್ತೆ ನೀರಾಗುತ್ತೆ. ಮೊದಲೇ ಒದ್ದೆಯಾದ ಉಂಡೆ ಅಲ್ಲಿ ಅಮುಕಿಹೋಗಿ ಗಾಳಿದಾರಿ ಕಟ್ಟುತ್ತೆ. ಮುಂದಿನ ವಲಯದಲ್ಲಿ ಮೇಲಿಂದ ಬಿಸಿ ಗಾಳಿ ಹೊಡೆದಾಗ ಒಳಗಿನ ಆವಿಗೆ ದಾರಿಯಿಲ್ಲದೆ ಸಿಡಿಯುತ್ತೆ. ನೀರು ಸರಿಹೋಗುವವರೆಗೆ ಗ್ರೇಟ್ ನಿಧಾನ ಮಾಡಿ, ಎರಡನೇ ವಲಯದ ಉಷ್ಣತೆ ಸ್ವಲ್ಪ ಇಳಿಸಿ.

ಅದಿರಿನಲ್ಲಿ ಗೋಥೈಟ್ (ನೀರು ಬಂಧಿತವಾಗಿರುವ ಕಬ್ಬಿಣದ ಖನಿಜ) ಇದ್ದರೆ ಕಥೆ ಬೇರೆ. ಅದರ ಬಂಧಿತ ನೀರು ಸುಮಾರು 300 ಡಿಗ್ರಿಯಲ್ಲಿ ಬಿಡುಗಡೆಯಾಗುತ್ತೆ, ಡಿಸ್ಕಿನಲ್ಲಿ ಏನು ಮಾಡಿದರೂ ಹೋಗಲ್ಲ. ಎಲ್‌ಒಐ (ಕಾಯಿಸಿದಾಗ ಕಳೆದುಹೋಗುವ ತೂಕ) ನೋಡಿ. ಸಿಡಿತ ತಡೆಯಲು ಬೆಂಟೊನೈಟ್ ಏರಿಸುವ ಮಾತು ಅದಾದ ಮೇಲೆ.