ಅಪ್‌ಡೇಟ್: ಅಮ್ಮನ ಹಲ್ಲಿಗೆ ಕೊನೆಗೆ ಯಾವ ಮೆಂಬ್ರೇನ್ ಹಾಕಿದ್ರು

ಅಮ್ಮನ ದವಡೆ ಹಲ್ಲಿನ ಬುಡದಲ್ಲಿ ಮೂಳೆ ಸವೆದಿದೆ, ಅಲ್ಲಿ ಹಾಕುವ ಕೊಲಾಜೆನ್ ಪದರ (ಮೆಂಬ್ರೇನ್) ಹಂದಿ ಅಥವಾ ಹಸುವಿನದ್ದಂತೆ, ಅಮ್ಮ ಒಪ್ಪುತ್ತಿಲ್ಲ, ಬೇರೆ ದಾರಿ ಇದೆಯಾ ಅಂತ ಕೇಳಿದ್ದೆ ಅಲ್ವಾ? ಹಾಸನದಲ್ಲೇ ಆಪರೇಷನ್ ಆಯ್ತು.

ಸ್ವಂತ ರಕ್ತದಿಂದ ಮಾಡುವ ಪದರ (ಪಿಆರ್‌ಎಫ್) ಸಾಕು ಅಂತ ಕೆಲವರು ಹೇಳಿದ್ರಿ. ನಮಗೆ ಅದೊಂದೇ ಸಾಲಲಿಲ್ಲ. ಅದು ಒಂದೆರಡು ವಾರದಲ್ಲೇ ಕರಗುತ್ತದಂತೆ. ಒಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ನಡುವೆ ತಡೆ ಇಲ್ಲದಿದ್ದರೆ ಮೂಳೆಯ ಜಾಗವನ್ನೂ ಒಸಡೇ ತುಂಬಿಬಿಡುತ್ತದೆ. ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ ಪದರ ಕರಗುವುದಿಲ್ಲ, ತೆಗೆಯೋಕೆ ಮತ್ತೆ ಹೋಗಬೇಕು. ಅಮ್ಮನಿಗೆ 64 ವರ್ಷ, ಬೇಡ ಅಂದೆವು.

ಕೆಲಸಕ್ಕೆ ಬಂದದ್ದು "ಪಾಲಿಲ್ಯಾಕ್ಟಿಕ್ ಆಸಿಡ್‌ನದ್ದು ಕೇಳಿ" ಅಂದವರ ಸಲಹೆ. ಅದು ಕೃತಕ ಪದರ, ಪ್ರಾಣಿಮೂಲ ಅಲ್ಲ, ತಾನಾಗೇ ಕರಗುತ್ತದೆ. ಡಾಕ್ಟರ್ ತರಿಸಿಕೊಟ್ಟರು. ತೆಳು ಬಿಳಿ ಹಾಳೆ, ಕತ್ತರಿಯಲ್ಲಿ ಅಳತೆಗೆ ಕತ್ತರಿಸಿ ತೋರಿಸಿದರು.

ನನಗೆ ಗೊತ್ತೇ ಇರದ ವಿಷಯ: ಒಳಗೆ ತುಂಬುವ ಮೂಳೆ ಪುಡಿಯೂ ಹಸುವಿನದ್ದಿರಬಹುದು! ಅದನ್ನೂ ಮೊದಲೇ ಕೇಳಿ. ನಮಗೆ ಕ್ಯಾಲ್ಸಿಯಂ ಫಾಸ್ಫೇಟ್‌ನ ಕೃತಕ ಪುಡಿ ಹಾಕಿದರು.

10ನೇ ದಿನ ಹೊಲಿಗೆ ಬಿಚ್ಚಿದರು. ಊತ ಇಳಿದಿದೆ, ಅಮ್ಮ ಮೆತ್ತಗಿನ ಮುದ್ದೆ ತಿಂತಿದ್ದಾರೆ. ಮೂಳೆ ಎಷ್ಟು ಬಂತು ಅಂತ 6 ತಿಂಗಳ ನಂತರದ ಎಕ್ಸ್‌ರೇಯಲ್ಲೇ ಗೊತ್ತಾಗೋದು. ಹೇಳಿಕೊಟ್ಟ ಎಲ್ಲರಿಗೂ ಅಮ್ಮನ ಕಡೆಯಿಂದಲೂ ಥ್ಯಾಂಕ್ಸ್.