ನವೋದಯ, ಮೊರಾರ್ಜಿ, ಆದರ್ಶ ಶಾಲೆಗಳ ಆರನೇ ತರಗತಿ ಪ್ರವೇಶ: ಅನುಭವಸ್ಥರು ತಿಳಿಸಬೇಕಾಗಿ ವಿನಂತಿ

ನಾವು ಸಿಂಧನೂರು ತಾಲ್ಲೂಕಿನ ಹಳ್ಳಿಯವರು. ಮಗಳು ಮೂರನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಈ ಜೂನ್‌ನಿಂದ ಸಿಂಧನೂರಿನ ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಹೋಗುತ್ತಿದ್ದಾಳೆ. ಅವಳನ್ನು ಮುದಗಲ್‌ನ ನವೋದಯಕ್ಕೆ (ಕೇಂದ್ರ ಸರ್ಕಾರದ ವಸತಿ ಶಾಲೆ) ಸೇರಿಸಬೇಕೆಂಬ ಆಸೆ ನಮ್ಮದು. ಐದನೇ ತರಗತಿಗೆ ಮರಳಿ ಊರಿನ ಶಾಲೆಗೆ ಹಾಕಿದರೆ ಗ್ರಾಮೀಣ ಕೋಟಾ ಸಿಗುತ್ತದೆಯೇ? ವಸತಿ ಸಹಿತ ಕೋಚಿಂಗಿಗೆ ಕಳುಹಿಸಬೇಕೇ? ನವೋದಯ ಆಗದಿದ್ದರೆ ಬೇರೆ ದಾರಿ ಏನು? ತಿಳಿದವರು ದಯವಿಟ್ಟು ಬರೆಯಿರಿ.

ಗಂಗಾವತಿ ತಾಲ್ಲೂಕಿನ ಒಬ್ಬ ತಂದೆ

ಅಕ್ಕನವರೆ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಕಹಿಯಾಗಿದೆ, ಆದರೆ ಈಗಲೇ ತಿಳಿಯುವುದು ಒಳ್ಳೆಯದು. ನವೋದಯದಲ್ಲಿ ಕನಿಷ್ಠ ಶೇ. 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಗ್ರಾಮೀಣ ಎಂದು ಪರಿಗಣಿಸುವುದು ಮನೆ ಎಲ್ಲಿದೆ ಎಂಬುದನ್ನು ನೋಡಿ ಅಲ್ಲ. 3, 4 ಮತ್ತು 5ನೇ ತರಗತಿಗಳನ್ನು ಮಗು ಎಲ್ಲಿಯ ಶಾಲೆಯಲ್ಲಿ ಓದಿದೆ ಎಂಬುದನ್ನು ನೋಡಿ. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದರೂ ಅಭ್ಯರ್ಥಿಯನ್ನು ನಗರದವರೆಂದೇ ಲೆಕ್ಕ ಹಾಕುತ್ತಾರೆ. ಹೀಗಾಗಿ ಐದನೇ ತರಗತಿಗೆ ಊರಿಗೆ ಕರೆತಂದರೂ ನಿಮ್ಮ ಮಗಳು ಉಳಿದ ಸೀಟುಗಳಿಗೇ ಪೈಪೋಟಿ ಮಾಡಬೇಕಾಗುತ್ತದೆ. ಹಾಗೆಂದು ಬಾಗಿಲು ಮುಚ್ಚಿತು ಎಂದು ಭಾವಿಸಬೇಡಿ, ಒಟ್ಟು ಸೀಟುಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಸಿಗಬೇಕೆಂಬ ನಿಯಮವೂ ಇದೆ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ದೊಡ್ಡ ಮಗನನ್ನು ಐದನೇ ತರಗತಿಯ ನಡುವೆ, ಒಳ್ಳೆಯದಾಗಲೆಂದೇ, ಪಟ್ಟಣದ ಶಾಲೆಗೆ ಬದಲಾಯಿಸಿದ್ದೆ. ಜನವರಿಯಲ್ಲಿ ಪರೀಕ್ಷೆ ನಡೆಯಿತು. ಹೊಲದಲ್ಲಿ ಸೀತನಿ (ಸುಟ್ಟ ಎಳೆ ಜೋಳ) ತಿನ್ನುವ ದಿನಗಳವು. ಪರೀಕ್ಷಾ ಕೇಂದ್ರದಿಂದ ಹೊರಬಂದವನು ಎಲ್ಲವನ್ನೂ ಬರೆದೆ ಎಂದು ನಗುತ್ತಲೇ ಹೇಳಿದ, ಆದರೆ ಪಟ್ಟಿಯಲ್ಲಿ ಹೆಸರಿರಲಿಲ್ಲ. ಮುಂದಿನ ವರ್ಷ ಮತ್ತೆ ಬರೆಸೋಣವೆಂದರೆ ಈ ಪರೀಕ್ಷೆಯನ್ನು ಎರಡನೇ ಬಾರಿ ಬರೆಯಲು ಅವಕಾಶವೇ ಇಲ್ಲ. ಮಗಳನ್ನು ಮಾತ್ರ ಊರಿನ ಶಾಲೆಯಿಂದ ಕದಲಿಸಲಿಲ್ಲ. ಅವಳೀಗ ಕುಕನೂರಿನ ನವೋದಯದಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ.

ಇನ್ನೊಂದು ಮಾತು. ಹಿಂದುಳಿದ ವರ್ಗದ ಮೀಸಲಾತಿಗೆ ನವೋದಯ ನೋಡುವುದು ಕೇಂದ್ರ ಸರ್ಕಾರದ ಪಟ್ಟಿಯನ್ನು. ನಮ್ಮ ರಾಜ್ಯದ 2ಎ, 3ಎ, 3ಬಿ ಪ್ರವರ್ಗಗಳ ಎಲ್ಲ ಜಾತಿಗಳೂ ಅದರಲ್ಲಿ ಇಲ್ಲ. ನಾಡಕಚೇರಿಯಲ್ಲಿ ಕೊಟ್ಟ ಪ್ರಮಾಣಪತ್ರ ಇದೆಯಲ್ಲ ಎಂದು ಸುಮ್ಮನಿರದೆ, ಕೇಂದ್ರದ ನಮೂನೆಯದು ನಿಮಗೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ರಾಯಚೂರು ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿ

ಕೋಚಿಂಗ್ ಬಗ್ಗೆ ಕೇಳಿದ್ದೀರಿ. ನಾನು ಹಲವು ವರ್ಷಗಳಿಂದ ಐದನೇ ತರಗತಿಯ ಮಕ್ಕಳನ್ನು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿಸಿಕೊಂಡು ಈ ಪರೀಕ್ಷೆಗೆ ಸಿದ್ಧಪಡಿಸುತ್ತಿರುವುದರಿಂದ, ಹತ್ತು ವರ್ಷದ ಮಗುವನ್ನು ಇದಕ್ಕಾಗಿ ಮನೆ ಬಿಡಿಸಬೇಕಾಗಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಪ್ರಶ್ನೆಪತ್ರಿಕೆಯ ರಚನೆಯನ್ನು ನೋಡಿ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆಗಳು, ಅಂದರೆ 50 ಅಂಕ, ಮಾನಸಿಕ ಸಾಮರ್ಥ್ಯದವು. ಗಣಿತಕ್ಕೆ 20 ಪ್ರಶ್ನೆ, ಭಾಷೆಗೆ 20 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಮಾನಸಿಕ ಸಾಮರ್ಥ್ಯದಲ್ಲಿ ಅಕ್ಷರವೇ ಇಲ್ಲ, ಎಲ್ಲವೂ ಚಿತ್ರ: ಗುಂಪಿಗೆ ಸೇರದ್ದನ್ನು ಗುರುತಿಸುವುದು, ಕನ್ನಡಿಯ ಪ್ರತಿಬಿಂಬ, ಕಾಗದವನ್ನು ಮಡಚಿ ತೂತು ಹಾಕಿ ಬಿಡಿಸಿದಾಗ ಹೇಗೆ ಕಾಣುತ್ತದೆ ಎಂಬಂಥವು. ಈ ಕೊನೆಯದರಲ್ಲಿ ನಮ್ಮ ಮಕ್ಕಳು ಬಹಳ ಎಡವುತ್ತಿದ್ದರು. ಗೈಡ್ ಪುಸ್ತಕವನ್ನು ಪಕ್ಕಕ್ಕಿಟ್ಟು, ರದ್ದಿ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಸಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ಚುಚ್ಚಿಸಿ, ಬಿಡಿಸುವ ಮುನ್ನ ತೂತುಗಳೆಷ್ಟು, ಎಲ್ಲೆಲ್ಲಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಹೇಳಿದೆ. ಒಂದು ವಾರದಲ್ಲಿ, ಗಣಿತದಲ್ಲಿ ಹಿಂದಿದ್ದ ಹುಡುಗಿಯೊಬ್ಬಳು ನನಗಿಂತ ಮೊದಲೇ ಉತ್ತರ ಹೇಳತೊಡಗಿದಳು.

ಗಣಿತದಲ್ಲಿ ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ. ಗಟ್ಟಿಯಾಗಿರಲಿ. ಭಾಷೆಯ ಭಾಗವೆಂದರೆ ಗದ್ಯಭಾಗ ಓದಿ ಉತ್ತರಿಸುವುದು. ಅರ್ಜಿಯಲ್ಲಿ ಪರೀಕ್ಷೆಯ ಭಾಷೆಯನ್ನು ಆರಿಸುವಾಗ, ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಿದೆ ಎಂಬ ಹುಮ್ಮಸ್ಸಿನಲ್ಲಿ ಇಂಗ್ಲಿಷ್ ಎಂದು ತುಂಬಬೇಡಿ. ಕನ್ನಡ ಓದಿ ಅರ್ಥಮಾಡಿಕೊಳ್ಳುವ ಮಗುವಿಗೆ ಕನ್ನಡದಲ್ಲೇ ಆ 25 ಅಂಕಗಳು ಸುಲಭ. ಉತ್ತರವನ್ನು ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ತುಂಬಬೇಕು, ಅಳಿಸಲು ಬರುವುದಿಲ್ಲ. ವೃತ್ತ ತುಂಬುವ ಅಭ್ಯಾಸವಿಲ್ಲದ ಮಗು ಒಂದು ಸಾಲು ತಪ್ಪಿದರೆ ಕೆಳಗಿನ ಉತ್ತರಗಳೆಲ್ಲ ತಪ್ಪುತ್ತವೆ.

ವಸತಿ ಕೋಚಿಂಗ್ ವಿಷಯದಲ್ಲಿ ನನ್ನನ್ನು ಕಾಡುವ ಸಂಗತಿಯೊಂದಿದೆ. ಮಗು ಪಟ್ಟಣದ ಕೋಚಿಂಗಿನಲ್ಲಿ ಇರುತ್ತದೆ, ಹೆಸರು ಮಾತ್ರ ಹಳ್ಳಿಯ ಶಾಲೆಯಲ್ಲಿ ಇರುತ್ತದೆ, ಹಾಜರಿ ಕಾಗದದಲ್ಲಷ್ಟೇ ಬೀಳುತ್ತದೆ. ಇಂಥ ಹಾಜರಿ ಹಾಕಿಕೊಡಿ ಎಂದು ನನ್ನ ಬಳಿಗೂ ಪೋಷಕರು ಬಂದದ್ದುಂಟು. ಅರ್ಜಿಯ ಜೊತೆಗಿನ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಮುಖ್ಯಶಿಕ್ಷಕರು. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸುಳ್ಳು ಹೊರಬಿದ್ದರೆ ಸೀಟು ಹೋಗುವುದು ಮಗುವಿನದು.

ಬಳ್ಳಾರಿ ಜಿಲ್ಲೆಯ ಒಬ್ಬ ತಾಯಿ

ನನ್ನ ಮಗನಿಗೆ ನವೋದಯ ಸಿಗಲಿಲ್ಲ. ಅದಕ್ಕೆ ಮೊದಲೇ ಮೊರಾರ್ಜಿ ಮತ್ತು ಆದರ್ಶ, ಎರಡಕ್ಕೂ ಅರ್ಜಿ ಹಾಕಲು ಮುಂದಾಗಿದ್ದೆವು. ನೀವೂ ಹಾಗೆ ಮಾಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿ ಶಾಲೆಗಳಿಗೆಲ್ಲ ಒಂದೇ ಪರೀಕ್ಷೆ; ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅಲ್ಲಿ ಐದನೇ ತರಗತಿಯ ಪಠ್ಯದಿಂದ ಪ್ರಶ್ನೆ ಬರುವುದರಿಂದ ನವೋದಯದ ತಯಾರಿಯೊಂದೇ ಸಾಲದು. ವಿಜ್ಞಾನ, ಸಮಾಜವನ್ನೂ ಓದಿಸಬೇಕು. ಸೀಟು ಹಂಚುವುದು ಅಂಕ, ಮೀಸಲಾತಿ ಮತ್ತು ನೀವು ಬರೆದ ಶಾಲೆಗಳ ಆದ್ಯತೆಯ ಮೇಲೆ. ಈ ಮೊರಾರ್ಜಿ ಅರ್ಜಿಯಲ್ಲಿ ನಾವು ಎಡವಿದ್ದು ದಾಖಲೆಗಳಲ್ಲಿ. ಸ್ಯಾಟ್ಸ್‌ನಲ್ಲಿ (ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಮಗನ ಹೆಸರಿನ ಮುಂದೆ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಅಜ್ಜನ ಹೆಸರು ಸೇರಿತ್ತು, ಜಾತಿ–ಆದಾಯ ಪ್ರಮಾಣಪತ್ರದಲ್ಲಿ ಮೂರನೆಯದೇ ಒಂದು ಬಗೆ. ಆರ್‌ಡಿ ಸಂಖ್ಯೆ (ಆ ಪ್ರಮಾಣಪತ್ರದ ಮೇಲಿರುವ ಸಂಖ್ಯೆ) ಹಾಕಿದಾಗ ಹೆಸರು ಹೊಂದಲಿಲ್ಲ. ತಿದ್ದಿಸಲು ನಾಲ್ಕು ಸಲ ಓಡಾಡಿದೆವು, ಕೊನೆಯ ದಿನ ಮುಗಿದುಹೋಯಿತು.

ಮಗ ಈಗ ತಾಲ್ಲೂಕಿನ ಆದರ್ಶ ವಿದ್ಯಾಲಯದಲ್ಲಿದ್ದಾನೆ. ಇದು 6ರಿಂದ 10ನೇ ತರಗತಿಯವರೆಗಿನ ಸರ್ಕಾರಿ ಆಂಗ್ಲ ಮಾಧ್ಯಮ ಶಾಲೆ, ಇದಕ್ಕೂ ಪ್ರವೇಶ ಪರೀಕ್ಷೆಯಿದೆ. ಆದರೆ ವಸತಿ ಇಲ್ಲ, ದಿನವೂ ಬಸ್ಸಿನಲ್ಲಿ ಹೋಗಿ ಬರಬೇಕು. ಕನ್ನಡ ಮಾಧ್ಯಮದಿಂದ ಹೋದವನು ಮೊದಲ ಆರು ತಿಂಗಳು ವಿಜ್ಞಾನದ ಪುಸ್ತಕದ ಅಂಚಿನಲ್ಲೆಲ್ಲ ಕನ್ನಡ ಅರ್ಥ ಬರೆದುಕೊಂಡೇ ಓದಿದ. ರಾತ್ರಿ ಮನೆಯ ರೊಟ್ಟಿ ಸಿಗುತ್ತದೆ ಎಂಬುದನ್ನು ನಾನು ಸಣ್ಣ ಲಾಭವೆಂದು ತಿಳಿಯುವುದಿಲ್ಲ.

ಚಿಕ್ಕಜೋಗಿಹಳ್ಳಿ ನವೋದಯದ ಹಳೆಯ ವಿದ್ಯಾರ್ಥಿ

ಪ್ರವೇಶದ ಮಾತೆಲ್ಲ ಆಯಿತು, ಒಳಗೆ ಹೋದ ಮೇಲಿನದನ್ನು ಒಂದಿಷ್ಟು ಹೇಳುತ್ತೇನೆ. ಊಟ, ವಸತಿ, ಪುಸ್ತಕ ಉಚಿತ. 9ನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಇದ್ದರೂ ಹೆಣ್ಣುಮಕ್ಕಳಿಗೆ ವಿನಾಯಿತಿ ಇರುವುದರಿಂದ ನಿಮಗೆ ಆ ಚಿಂತೆ ಬೇಡ. 9ನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ರಾಜ್ಯದ ನವೋದಯಕ್ಕೆ ಕಳುಹಿಸುವ ಪದ್ಧತಿಯಿದೆ. ಇದನ್ನು ಮೊದಲು ತಿಳಿಯದ ಪೋಷಕರು ಆಗ ಟಿಸಿ ಕೇಳಲು ಬರುತ್ತಾರೆ. ಇನ್ನು, ಆರನೇ ತರಗತಿಯಲ್ಲಿ ತಪ್ಪಿದವರು 8ನೇ ತರಗತಿ ಓದುವಾಗ 9ನೆಯದರ ಖಾಲಿ ಸೀಟುಗಳಿಗೆ ಬೇರೆ ಪರೀಕ್ಷೆ ಬರೆಯಬಹುದು. ಗಂಗಾವತಿಯ ಅಣ್ಣನವರ ದೊಡ್ಡ ಮಗ ಇನ್ನೂ ಎಂಟನ್ನು ದಾಟಿರದಿದ್ದರೆ ವಿಚಾರಿಸಬಹುದಿತ್ತು.

ಗಂಗಾವತಿ ತಾಲ್ಲೂಕಿನ ತಂದೆ

ತಮ್ಮಾ, ಅವನೀಗ ಗಂಗಾವತಿಯಲ್ಲಿ ಪಿಯುಸಿ ಓದುತ್ತಿದ್ದಾನೆ. ಆಗ ಯಾರೂ ಹೇಳಲಿಲ್ಲ.

ಕೇಳಿದವರು

ಎಲ್ಲರಿಗೂ ವಂದನೆಗಳು. ಮಗಳ ಸ್ಯಾಟ್ಸ್ ಮತ್ತು ಆಧಾರ್ ತೆಗೆದು ನೋಡಿದೆವು, ಜನ್ಮದಿನಾಂಕದಲ್ಲೇ ಎರಡು ದಿನದ ವ್ಯತ್ಯಾಸವಿದೆ. ಸೋಮವಾರ ಅದಕ್ಕೇ ಹೋಗುತ್ತಿದ್ದೇವೆ. ಐದನೇ ತರಗತಿಯನ್ನು ಈಗಿನ ಶಾಲೆಯಲ್ಲೇ ಮುಗಿಸುತ್ತಾಳೆ. ಮೂರೂ ಪರೀಕ್ಷೆ ಬರೆಸುತ್ತೇವೆ.