ಫೋರ್ಟ್ ಫಿಶರ್‌ಗೆ ಹೋಗಬಹುದಾ, ಬೇಡ್ವಾ?

ಕ್ಯಾರಿ ಸೊಸೆ:
ಅತ್ತೆ ಮಾವ ಊರಿಂದ ಬಂದಿದ್ದಾರೆ. ಶನಿವಾರ ಇಲ್ಲೇ ನಾರ್ತ್ ಕ್ಯಾರೊಲಿನಾದ ಕಡಲತೀರಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ಮಾವನಿಗೆ ಕೋಟೆ ಅಂದ್ರೆ ಪ್ರಾಣ, ಮಗನಿಗೆ ಮೀನು. ಕ್ಯೂರಿ ಬೀಚ್ ಹತ್ತಿರ ಫೋರ್ಟ್ ಫಿಶರ್‌ನಲ್ಲಿ ಕೋಟೆ, ಮ್ಯೂಸಿಯಂ, ಅಕ್ವೇರಿಯಂ ಮೂರೂ ಇವೆಯಂತೆ. ಎರಡೂವರೆ ಗಂಟೆ ಡ್ರೈವ್. ಹೋಗಬಹುದಾ?

ಮಿರ್ಜಾನ್ ಹುಡುಗ:
ಅಕ್ವೇರಿಯಂಗೆ ಧಾರಾಳವಾಗಿ ಹೋಗಿ. ಕೋಟೆ ತೋರಿಸ್ತೀವಿ ಅಂತ ಮಾತ್ರ ಮಾವನವರಿಗೆ ಆಸೆ ಹುಟ್ಟಿಸಬೇಡಿ. ಅಲ್ಲಿರುವುದು ಹುಲ್ಲು ಬೆಳೆದ ಮಣ್ಣಿನ ದಿಬ್ಬಗಳು. ಹೆಬ್ಬಾಗಿಲಿಲ್ಲ, ಬುರುಜಿಲ್ಲ. ಮಿರ್ಜಾನ್, ಬೇಕಲ ನೋಡಿದವರು ಪಾರ್ಕಿಂಗ್‌ನಲ್ಲೇ ನಿಂತು "ಕೋಟೆ ಎಲ್ಲಪ್ಪಾ?" ಅಂತಾರೆ. ನಮ್ಮಪ್ಪ ಕೇಳಿದ್ದೂ ಅದನ್ನೇ.

ಚರಿತ್ರೆ ಹುಚ್ಚ:
ಅದು ಮಣ್ಣಿನ ದಿಬ್ಬ ಆಗಿದ್ದಕ್ಕೇ ಅಷ್ಟು ದಿನ ನಿಂತಿದ್ದು ಕಣ್ರೀ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಈ ಕೋಟೆಗಳು ದಕ್ಷಿಣದವರ ಕೈಲಿದ್ದವು. 1862ರ ಏಪ್ರಿಲ್‌ನಲ್ಲಿ ಜಾರ್ಜಿಯಾದ ಫೋರ್ಟ್ ಪುಲಾಸ್ಕಿಯ ಮೇಲೆ ಉತ್ತರದವರು ಹೊಸ ಮಾದರಿಯ ಫಿರಂಗಿ ಹಾರಿಸಿದರು. ಏಳೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ. 30 ಗಂಟೆ ತಡೆಯಲಿಲ್ಲ. ಆ ಜುಲೈನಲ್ಲಿ ಫಿಶರ್‌ಗೆ ಬಂದ ಕರ್ನಲ್ ವಿಲಿಯಂ ಲ್ಯಾಂಬ್ ಮಾತ್ರ ಮರಳನ್ನೇ ನಂಬಿದ. ಕ್ರಿಮಿಯಾ ಯುದ್ಧದಲ್ಲಿ ರಷ್ಯನ್ನರು ಮಣ್ಣು ಪೇರಿಸಿ ಭದ್ರ ಮಾಡಿದ್ದ ಮಲಾಕಾಫ್ ಕೋಟೆ ಅವನಿಗೆ ಮಾದರಿ. ನೆಲದ ಕಡೆ ಅರ್ಧ ಮೈಲಿ, ಕಡಲ ಕಡೆ ಒಂದು ಮೈಲಿ ಉದ್ದಕ್ಕೆ ದಿಬ್ಬ ಎಬ್ಬಿಸಿದ. ನೆಲದ ಕಡೆಯವು 30 ಅಡಿ ಎತ್ತರ, ಅವುಗಳ ಹೊಟ್ಟೆಯಲ್ಲಿ ಮದ್ದಿನ ಕೋಣೆ, ಓಡಾಡಲು ಸುರಂಗ. ಗುಂಡು ಬಿದ್ದರೆ ಮರಳು ನುಂಗಿ ಸುಮ್ಮನಾಗುತ್ತಿತ್ತು. 1864ರ ಡಿಸೆಂಬರ್‌ನಲ್ಲಿ ಉತ್ತರದವರು ಒಂದು ಹಡಗಿನ ತುಂಬ ಮದ್ದು ತುಂಬಿಸಿ ಕೋಟೆ ಎದುರಿಗೇ ಸಿಡಿಸಿದರು. ಕೋಟೆಗೆ ಏನೂ ಆಗಲಿಲ್ಲ! ಕೊನೆಗೆ ಅದು ಬಿದ್ದದ್ದು 1865ರ ಜನವರಿ 15ಕ್ಕೆ.

ಮಿರ್ಜಾನ್ ಹುಡುಗ:
ಓದೋಕೆ ಚೆನ್ನಾಗಿದೆ ಸಾರ್. ಆದರೆ ಅದರಲ್ಲಿ ಈಗ ಎಷ್ಟು ಉಳಿದಿದೆ? ಕಡಲ ಕಡೆಯ ಸಾಲು ಬಹುಪಾಲು ನೀರುಪಾಲು. ಇರುವ ದಿಬ್ಬಗಳಲ್ಲೂ ಕೆಲವು ಮತ್ತೆ ಕಟ್ಟಿದವು.

ಉಳ್ಳಾಲದಕ್ಕ:
ಪಾಪ, ಕಡಲನ್ನೊಂದೇ ಯಾಕೆ ಬೈತೀರಿ? ಆ ದಂಡೆಯಲ್ಲಿ ಕೊಕೀನಾ ಅಂತ ಒಂದು ಕಲ್ಲಿದೆ. ಕಪ್ಪೆಚಿಪ್ಪಿನ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಆದದ್ದು. ಬೆರಳಾಡಿಸಿದರೆ ಚಿಪ್ಪಿನ ಅಂಚು ತಾಗುತ್ತದೆ. ಅಲೆಯ ಹೊಡೆತ ತಡೆಯುತ್ತಿದ್ದದ್ದು ಅದೇ. 1920ರ ದಶಕದಲ್ಲಿ ಹೆದ್ದಾರಿ ಮಾಡೋಕೆ ಅದನ್ನೇ ಕಿತ್ತು ಸಾಗಿಸಿದರು. ಆಮೇಲೆ ಕೊರೆತ ಜೋರಾಯಿತು. ಎರಡನೇ ಮಹಾಯುದ್ಧದಲ್ಲಿ ವಿಮಾನ ಇಳಿಸೋಕೆ ಅಂತ ನೆಲದ ಕಡೆಯ ಒಂದಷ್ಟು ದಿಬ್ಬವನ್ನೂ ಮಟ್ಟ ಮಾಡಿದರು. 1990ರ ದಶಕದಲ್ಲಿ ಉದ್ದಕ್ಕೂ ಬಂಡೆಗಲ್ಲು ಪೇರಿಸಿದ ಮೇಲೆ ಕೋಟೆ ಉಳಿಯಿತು. ನಮ್ಮೂರಲ್ಲೂ ಮಳೆಗಾಲ ಬಂತೆಂದರೆ ಕಡಲ್ಕೊರೆತ, ಕಲ್ಲು ಹಾಕುವುದು ಇದ್ದದ್ದೇ. ನನಗಂತೂ ಆ ತಡೆಗೋಡೆ ಕೋಟೆಗಿಂತ ಜಾಸ್ತಿ ಹಿಡಿಸಿತು.

ರಾಲಿ ಮೇಷ್ಟ್ರು:
ಕಣ್ಣಿಗೆ ಕಾಣುವ ಕೋಟೆಯೇ ಬೇಕಿದ್ದರೆ ಫೋರ್ಟ್ ಮೇಕನ್‌ಗೆ ಹೋಗಿ. ಅಟ್ಲಾಂಟಿಕ್ ಬೀಚ್ ಪಕ್ಕದಲ್ಲಿದೆ. ಐದು ಮೂಲೆಯ ಇಟ್ಟಿಗೆ ಕೋಟೆ, ಸುತ್ತ ಕಂದಕ, ಒಳಗೆ ಕಮಾನಿನ ಕೋಣೆಗಳು. 1834ರಲ್ಲಿ ಮುಗಿದದ್ದು. ಅಲ್ಲೂ ಮ್ಯೂಸಿಯಂ ಇದೆ, ಹತ್ತಿರದ ಪೈನ್ ನೋಲ್ ಶೋರ್ಸ್‌ನಲ್ಲಿ ಅಕ್ವೇರಿಯಂ ಇದೆ. ಮಾವನೂ ಖುಷಿ, ಮಗನೂ ಖುಷಿ.

ಚರಿತ್ರೆ ಹುಚ್ಚ:
ಮೇಷ್ಟ್ರೇ, ಅಷ್ಟು ಚಂದದ ಮೇಕನ್ ಕೋಟೆ 1862ರಲ್ಲಿ ಒಂದು ದಿನದ ಗುಂಡಿಗೇ ಶರಣಾಯಿತು. ಸಾಧ್ಯವಾದರೆ ಎರಡನ್ನೂ ತೋರಿಸಿ. ಮಾವನವರಿಗೆ ವ್ಯತ್ಯಾಸ ತಾನಾಗೇ ತಿಳಿಯುತ್ತೆ.

ನೇರಮಾತು:
ಕೋಟೆ ಗಟ್ಟಿ, ಕರ್ನಲ್ ಜಾಣ, ಎಲ್ಲ ಸರಿ. ಮಣ್ಣು ಹೊತ್ತವರು ಯಾರು? ಸೈನಿಕರ ಜೊತೆ ನೂರಾರು ಗುಲಾಮರನ್ನು ಹಿಡಿದು ತಂದು ದುಡಿಸಿದರು. ಕಾಯುತ್ತಿದ್ದದ್ದು ಏನನ್ನು? ವಿಲ್ಮಿಂಗ್ಟನ್ ಬಂದರನ್ನು. ಉತ್ತರದ ನೌಕಾಪಡೆಯ ಕಣ್ಣು ತಪ್ಪಿಸಿ ಹಡಗುಗಳು ಒಳಗೆ ಬಂದು, ಗುಲಾಮಗಿರಿ ಉಳಿಸಲು ಹೊರಟವರಿಗೆ ಬಂದೂಕು ಇಳಿಸಿ, ಹತ್ತಿ ತುಂಬಿಕೊಂಡು ಹೋಗುತ್ತಿದ್ದವು. ಇದನ್ನು ಬಿಟ್ಟು ಬರೀ ಪರಾಕ್ರಮ ಹೇಳಿದರೆ ಹೇಗೆ?

ಚರಿತ್ರೆ ಹುಚ್ಚ:
ನಾನು ಹೊಗಳಿದ್ದು ಮರಳನ್ನು, ಅವರ ಧ್ಯೇಯವನ್ನಲ್ಲ. ಆದರೂ ನೀವು ಎತ್ತಿದ್ದು ಒಳ್ಳೆಯದೇ ಆಯಿತು. ಕೊನೆಯ ದಾಳಿಯಲ್ಲಿ ವಿಲ್ಮಿಂಗ್ಟನ್ ಕಡೆಯಿಂದ ಸಹಾಯ ಬಾರದಂತೆ ಅಡ್ಡ ನಿಂತವರಲ್ಲಿ ಕಪ್ಪು ಸೈನಿಕರ ರೆಜಿಮೆಂಟುಗಳೂ ಇದ್ದವು. ಅದನ್ನೂ ಮಾವನವರಿಗೆ ಹೇಳಿ.

ಉಳ್ಳಾಲದಕ್ಕ:
ಮ್ಯೂಸಿಯಂನಲ್ಲಿ 'ಮಾಡರ್ನ್ ಗ್ರೀಸ್' ಹಡಗಿನ ಸಾಮಾನು ಹುಡುಕಿ ನೋಡಿ. ಹೀಗೆ ಕಣ್ಣು ತಪ್ಪಿಸಿ ಬರುವಾಗಲೇ 1862ರಲ್ಲಿ ಕೋಟೆ ಹತ್ತಿರ ನೆಲ ಹತ್ತಿ ಮುಳುಗಿತು. ಸರಿಯಾಗಿ ನೂರು ವರ್ಷದ ಮೇಲೆ ಒಂದು ಬಿರುಗಾಳಿ ಮರಳು ಸರಿಸಿ ಅದನ್ನು ತೋರಿಸಿತು. ರೈಫಲ್ಲು, ಚಾಕು ರಾಶಿ ರಾಶಿ ಸಿಕ್ಕವು.

ಕೊಡಗಿನ ಕುವರಿ:
ಎಲ್ಲರೂ ಯುದ್ಧದಲ್ಲೇ ಇದ್ದೀರಲ್ಲ, ಮಗು ಮೀನು ಕೇಳ್ತಿದೆ! ಅಕ್ವೇರಿಯಂ ಕೋಟೆಯಿಂದ ಕಾರಲ್ಲಿ ಕೆಲವೇ ನಿಮಿಷ. ದೊಡ್ಡ ತೊಟ್ಟಿಗೆ ಸುಮಾರು 9 ಲಕ್ಷ ಲೀಟರ್ ನೀರು ಹಿಡಿಯುತ್ತೆ. ಮೇಲಿಂದಲೂ ನೋಡಬಹುದು, ಕೆಳಗಿಂದಲೂ. ಸ್ಯಾಂಡ್ ಟೈಗರ್ ಶಾರ್ಕ್ ಗಾಜಿನ ಹತ್ತಿರ ಬಂದಾಗ ಬಾಯಿ ಮುಚ್ಚಿದ್ದರೂ ಹಲ್ಲು ಹೊರಗೇ ಕಾಣುತ್ತೆ. ನನಗೆ ಆಶ್ಚರ್ಯ ಆಗಿದ್ದು ನೀರುನಾಯಿಗಳನ್ನು ನೋಡಿ. ಅವು ಏಷ್ಯಾದ ಪುಟ್ಟ ಜಾತಿಯವು, ನಮ್ಮ ಘಟ್ಟದ ಹೊಳೆಗಳಲ್ಲೂ ಇವೆ. ಊರಲ್ಲಿ ಕಣ್ಣಿಗೆ ಬೀಳದ ಪ್ರಾಣಿಯನ್ನು ಇಲ್ಲಿ ಟಿಕೆಟ್ ಕೊಟ್ಟು ನೋಡಿದೆ.

ನೇರಮಾತು:
ಹೊಳೆಯಲ್ಲಿ ಇರಬೇಕಾದದ್ದು ಗಾಜಿನ ಹಿಂದೆ. ನನಗೆ ಸರಿ ಅನಿಸಲ್ಲ.

ಕೊಡಗಿನ ಕುವರಿ:
ನೀರುನಾಯಿ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ. ಆದರೆ ಅದೇ ಜಾಗದಲ್ಲಿ ಮರಿ ಕಡಲಾಮೆಗಳನ್ನು ಸಾಕಿ ಕಡಲಿಗೆ ಬಿಡುವ ಕೆಲಸವೂ ನಡೆಯುತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕ್ಯಾರಿ ಸೊಸೆ:
ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ಅವರು ಕೃಷಿ ಇಲಾಖೆಯಲ್ಲಿದ್ದವರು. ಕಲ್ಲಿನ ಕೋಟೆ ಬೇಕಾದಷ್ಟು ನೋಡಿದ್ದೀನಿ, ಮರಳು ಜಾರದ ಹಾಗೆ ಹೇಗೆ ನಿಲ್ಲಿಸಿದರು ಅದನ್ನು ನೋಡಬೇಕು ಅಂದರು. ಫಿಶರ್‌ಗೇ ಹೊರಟೆವು.

ಮಿರ್ಜಾನ್ ಹುಡುಗ:
ಹಾಗಾದರೆ ಮೊದಲು ಮ್ಯೂಸಿಯಂ, ಆಮೇಲೆ ದಿಬ್ಬ. ತಿಳಿದುಕೊಂಡು ಹೋಗದಿದ್ದರೆ ಅದು ಬರೀ ಹುಲ್ಲುಗಾವಲು, ಈ ಮಾತು ಮಾತ್ರ ನಾನು ಬಿಡಲ್ಲ. ಕೋಟೆಗೆ ಟಿಕೆಟ್ ಇಲ್ಲ, ಅಕ್ವೇರಿಯಂಗೆ ಇದೆ. ಸೊಳ್ಳೆ ಔಷಧಿ, ಟೋಪಿ ಮರೀಬೇಡಿ, ನೆರಳು ಕಡಿಮೆ.

ರಾಲಿ ಮೇಷ್ಟ್ರು:
ಸಂಜೆ ಅಲ್ಲಿಂದಲೇ ಸೌತ್‌ಪೋರ್ಟ್‌ಗೆ ಫೆರಿ ಸಿಗುತ್ತೆ. ಕಾರನ್ನೂ ಹತ್ತಿಸಬಹುದು, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ವಾರಾಂತ್ಯದಲ್ಲಿ ಸಾಲು ಉದ್ದ ಇರುತ್ತೆ, ಅತ್ತೆಯವರಿಗೆ ತಿನ್ನೋಕೆ ಏನಾದರೂ ಕಟ್ಟಿಕೊಂಡು ಹೋಗಿ.